ಆರತಿಗೆ ಎರಡು ವರ್ಷ ಮೊದಲು



ಇವತ್ತು ಮಾತಾಡಲು ಹೊರಟಿರುವುದು ಹದಿಹರೆಯದ ಮೈಯ ಬಗ್ಗೆ. ಪಕ್ಕದಲ್ಲಿ ಮಕ್ಕಳು ಕೂತಿದ್ದಾರೆ ಎಂದು ದಯವಿಟ್ಟು ಯಾರೂ ರೇಡಿಯೋ ಆರಿಸಬೇಡಿ. ಈ ಮಾತು ಅವರಿಗೇ. ಮುಜುಗರವಾದರೆ ದೊಡ್ಡವರು ಎದ್ದು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬನ್ನಿ, ಮಕ್ಕಳು ಕೇಳುತ್ತಿರಲಿ.

ನಮ್ಮ ಕಡೆ ಹುಡುಗಿ ಮೈನೆರೆದಳೆಂದರೆ ಸುದ್ದಿ ಮೊದಲು ಸೋದರಮಾವನಿಗೆ ಹೋಗುತ್ತದೆ. ಅವನು ಹಸಿರು ಸೊಪ್ಪು, ತೆಂಗಿನ ಗರಿ ತಂದು ಗುಡ್ಲು ಹಾಕಬೇಕು. ಅತ್ತೆಯರು, ಚಿಕ್ಕಮ್ಮಂದಿರು ಎಣ್ಣೆ ಅರಿಶಿನ ಹಚ್ಚಿ ನೀರು ಹಾಕಬೇಕು. ಬಂದವರು ಕೊಬ್ಬರಿ, ಬೆಲ್ಲ, ತುಪ್ಪ, ಚಿಗಳಿ ಉಂಡೆ ತರುತ್ತಾರೆ. ಸಂಜೆ ಹೊಸ ಸೀರೆ ಉಡಿಸಿ, ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ ಸೋಬಾನೆ ಹಾಡುತ್ತಾರೆ. ಈಗೀಗ ಪೇಟೆಯಲ್ಲಿ ಛತ್ರ ಹಿಡಿದು, ಬೀದಿಯಲ್ಲಿ ಫ್ಲೆಕ್ಸ್ ಕಟ್ಟಿಸಿ ಮಾಡುವವರೂ ಇದ್ದಾರೆ. ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ಪದ್ಧತಿ ಬೇರೆ. ತುಳುನಾಡಿನಲ್ಲಂತೂ ಭೂಮಿಯೇ ವರ್ಷಕ್ಕೊಮ್ಮೆ ಮುಟ್ಟಾಗುತ್ತಾಳೆ. ಕೆಡ್ಡಸದ ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ.

ಈ ಆರತಿಯ ಬಗ್ಗೆ ವೈದ್ಯೆಯಾಗಿ ನನ್ನದೊಂದು ತಕರಾರಿದೆ. ಆರತಿ ಎತ್ತಬಾರದು ಎಂದಲ್ಲ. ತಡವಾಗಿ ಎತ್ತುತ್ತೇವೆ ಎಂದು.

ಮೊದಲ ಮುಟ್ಟಿನಿಂದ ಹರೆಯ ಶುರುವಾಯಿತು ಎಂದುಕೊಳ್ಳುತ್ತೇವೆ. ಮೈಯ ಲೆಕ್ಕದಲ್ಲಿ ಹಾಗಲ್ಲ. ಆ ಹೊತ್ತಿಗೆ ಹುಡುಗಿಯ ಹರೆಯ ಮುಕ್ಕಾಲು ದಾರಿ ಸವೆಸಿರುತ್ತದೆ. ಎದೆಯಲ್ಲಿ ಮೊದಲ ಮೊಗ್ಗು ಕಾಣಿಸಿಕೊಂಡು ಸುಮಾರು ಎರಡು, ಎರಡೂವರೆ ವರ್ಷವಾದ ಮೇಲೆ ಮುಟ್ಟು ಬರುವುದು. ಅವಳು ಭರಭರನೆ ಎತ್ತರವಾಗುವ ಕಾಲವೂ ಅಷ್ಟರಲ್ಲಿ ಕಳೆದಿರುತ್ತದೆ. ಮುಟ್ಟಾದ ಮೇಲೆ ಸಾಮಾನ್ಯವಾಗಿ ಬೆಳೆಯುವುದು ಇನ್ನು ಐದಾರು ಸೆಂಟಿಮೀಟರ್ ಮಾತ್ರ. ‘ಮುಟ್ಟಾದ ಮೇಲೆ ಉದ್ದವಾಗುತ್ತಾಳೆ, ಹಾಲು ಕೊಡಿ’ ಎಂದು ಹೇಳುವ ಅಜ್ಜಿಯಂದಿರು ಹಾಲನ್ನು ಎರಡು ವರ್ಷ ಮೊದಲೇ ಕೊಡಬೇಕಾಗಿತ್ತು.

ಇದನ್ನು ಕೂತು ಅಳೆದವರಿದ್ದಾರೆ. ಇಂಗ್ಲೆಂಡಿನ ಹಾರ್ಪೆಂಡೆನ್ ಎಂಬ ಊರಿನ ಮಕ್ಕಳ ಆಶ್ರಮವೊಂದರಲ್ಲಿ ಮಕ್ಕಳನ್ನು ವರ್ಷಗಟ್ಟಲೆ, ಹರೆಯದ ಹೊತ್ತಿನಲ್ಲಿ ಮೂರು ತಿಂಗಳಿಗೊಮ್ಮೆ, ಅಳೆದು ಫೋಟೋ ತೆಗೆದು ದಾಖಲೆ ಇಟ್ಟರು. ಮಾರ್ಷಲ್ ಮತ್ತು ಟ್ಯಾನರ್ ಎಂಬ ಇಬ್ಬರು 1969ರಲ್ಲಿ 192 ಹುಡುಗಿಯರ, ಮರುವರ್ಷ 228 ಹುಡುಗರ ವಿವರ ಪ್ರಕಟಿಸಿದರು. ಆಶ್ರಮದಲ್ಲಿ ಬೆಳೆಯುವ ಮಕ್ಕಳ ಬೆತ್ತಲೆ ಫೋಟೋ ತೆಗೆಯುವುದಕ್ಕೆ ಇವತ್ತಾದರೆ ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೂ ಮಗುವಿನ ಮೈ ಯಾವ ಹಂತದಲ್ಲಿದೆ ಎಂದು ಹೇಳಲು ಲೋಕದ ಮಕ್ಕಳ ವೈದ್ಯರೆಲ್ಲ ಇಂದಿಗೂ ಹಿಡಿಯುವುದು ಟ್ಯಾನರ್ ಹೆಸರಿನ ಆ ಐದು ಹಂತಗಳನ್ನೇ.

ಆ ಮೊದಲ ಮೊಗ್ಗಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಂಬತ್ತು ಹತ್ತು ವರ್ಷದ ಹುಡುಗಿಯ ಎದೆಯಲ್ಲಿ, ಅದೂ ಎಷ್ಟೋ ಸಲ ಒಂದೇ ಕಡೆ, ತೊಟ್ಟಿನ ಕೆಳಗೆ ಗಟ್ಟಿಯಾದದ್ದೊಂದು ಕೈಗೆ ಸಿಗುತ್ತದೆ. ಮುಟ್ಟಿದರೆ ನೋವು. ಹುಡುಗಿ ಯಾರಿಗೂ ಹೇಳುವುದಿಲ್ಲ. ಸ್ನಾನ ಮಾಡಿಸುವಾಗಲೋ ಬಟ್ಟೆ ಬದಲಿಸುವಾಗಲೋ ತಾಯಿಯ ಕಣ್ಣಿಗೆ ಬೀಳುತ್ತದೆ. ತಾಯಿಗೆ ಎದೆಯ ಗಂಟು ಎಂದರೆ ಒಂದೇ ಕಾಯಿಲೆ ನೆನಪಾಗುವುದು. ನಡುಗುತ್ತ ಆಸ್ಪತ್ರೆಗೆ ಬರುತ್ತಾರೆ. ಅದು ಮೊಲೆಯ ಮೊಳಕೆ. ಇನ್ನೊಂದು ಕಡೆಯದು ಕೆಲವು ತಿಂಗಳಲ್ಲಿ ತಾನೇ ಬರುತ್ತದೆ. ಈ ವಯಸ್ಸಿನಲ್ಲಿ ಅದನ್ನು ಗಂಟು ಎಂದು ಕತ್ತರಿಸಿ ತೆಗೆದರೆ ಆ ಕಡೆ ಮುಂದೆ ಮೊಲೆಯೇ ಬೆಳೆಯುವುದಿಲ್ಲ. ಹಾಗಾಗಿ ಶಸ್ತ್ರವೈದ್ಯರಿಗೆ ಇಲ್ಲಿ ಕಲಿಸುವ ಮೊದಲ ಪಾಠ, ಸುಮ್ಮನೆ ಕಾಯಿರಿ ಎಂಬುದು.

ಆಮೇಲೆ ಬೆವರಿಗೆ ದೊಡ್ಡವರ ವಾಸನೆ ಬರುತ್ತದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕೂದಲು, ಮುಖದ ಮೇಲೆ ಮೊಡವೆ. ಮುಟ್ಟಿಗೆ ಆರು ತಿಂಗಳು, ವರ್ಷ ಮೊದಲಿಂದ ಒಳಉಡುಪಿನಲ್ಲಿ ಬಿಳಿ ಸ್ರಾವ ಕಾಣಿಸುತ್ತದೆ. ತುರಿಕೆ, ಕೆಟ್ಟ ವಾಸನೆ ಇಲ್ಲದಿದ್ದರೆ ಅದು ಬಿಳಿಸೆರಗಿನ ಕಾಯಿಲೆಯಲ್ಲ. ಗರ್ಭಕೋಶ ಕೆಲಸಕ್ಕೆ ಅಣಿಯಾಗುತ್ತಿದೆ, ಅಷ್ಟೆ. ‘ಉಷ್ಣ’ ಎಂದು ಹೇಳಿ ಮೊಟ್ಟೆ, ಎಳ್ಳು, ಮಾವಿನಹಣ್ಣು ತಪ್ಪಿಸುವ ಮನೆಗಳಿವೆ. ಬೆಳೆಯುವ ಮಗುವಿನ ತಟ್ಟೆಯಿಂದ ತಿನ್ನುವುದನ್ನು ಎತ್ತಿಟ್ಟರೆ ಯಾವ ಉಷ್ಣವೂ ಇಳಿಯುವುದಿಲ್ಲ.

ಇದನ್ನೆಲ್ಲ ಶುರುಮಾಡುವವರು ಯಾರು? ಅಂಡಾಶಯ, ವೃಷಣ ಎಂದು ಹೇಳಿಬಿಡುತ್ತೇವೆ. ಅವು ಅಪ್ಪಣೆಗೆ ಕಾದು ಕೂತವು. ಅಪ್ಪಣೆ ಬರುವುದು ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನಿಂದ, ಕೆಲವೇ ಸಾವಿರ ನರಕೋಶಗಳಿಂದ. ಅಲ್ಲಿಂದ ಹೊರಡುವ ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನೋ ವೃಷಣವನ್ನೋ ಎಬ್ಬಿಸುತ್ತದೆ. ಹಂದಿಯ ಮಿದುಳಿನಿಂದ ಶಾಲಿ, ಕುರಿಯ ಮಿದುಳಿನಿಂದ ಗಿಯೆಮಾ, ಹೀಗೆ ಇಬ್ಬರು ವಿಜ್ಞಾನಿಗಳು ಜಿದ್ದಿಗೆ ಬಿದ್ದು 1971ರ ಹೊತ್ತಿಗೆ ಈ ಹಾರ್ಮೋನನ್ನು ಬಿಡಿಸಿಟ್ಟರು. 1977ರಲ್ಲಿ ನೊಬೆಲ್ ಬಹುಮಾನವನ್ನು ಇಬ್ಬರಿಗೂ ಹಂಚಬೇಕಾಯಿತು. ಆಮೇಲೆ ಅರ್ನ್‌ಸ್ಟ್ ನೋಬಿಲ್ ಎಂಬವರು ಕೋತಿಗಳಲ್ಲಿ ತೋರಿಸಿಕೊಟ್ಟದ್ದು ಇನ್ನೂ ಸೋಜಿಗದ್ದು. ಈ ಹಾರ್ಮೋನನ್ನು ಗಂಟೆಗೊಂದು ಸಲದಂತೆ ಬಿಟ್ಟುಬಿಟ್ಟು ಕೊಟ್ಟರೆ ಮಾತ್ರ ಪಿಟ್ಯುಟರಿ ಕೆಲಸ ಮಾಡುತ್ತದೆ. ಎಡೆಬಿಡದೆ ಸುರಿದರೆ ಕೆಲಸ ನಿಲ್ಲಿಸಿಬಿಡುತ್ತದೆ. ಐದಾರು ವರ್ಷಕ್ಕೇ ಹರೆಯ ಬಂದುಬಿಟ್ಟ ಮಕ್ಕಳಿಗೆ ತಿಂಗಳಿಗೊಂದೋ ಮೂರು ತಿಂಗಳಿಗೊಂದೋ ಚುಚ್ಚುಮದ್ದು ಕೊಟ್ಟು ಹರೆಯವನ್ನು ಮುಂದೂಡುತ್ತಾರಲ್ಲ, ಅದರ ಹಿಂದಿನ ಉಪಾಯ ಇದೇ.

ಹರೆಯ ಮೊದಲು ಬರುವುದು ರಾತ್ರಿ, ಮಗು ನಿದ್ದೆಯಲ್ಲಿದ್ದಾಗ. ಆರಂಭದ ತಿಂಗಳುಗಳಲ್ಲಿ ಈ ಹಾರ್ಮೋನಿನ ಮಿಡಿತ ಹಗಲಲ್ಲಿ ಅಷ್ಟಾಗಿ ಇರುವುದಿಲ್ಲ. ನಿದ್ದೆ ಹತ್ತಿದ ಮೇಲೆ ಶುರುವಾಗುತ್ತದೆ. ಬೆಳೆಯುತ್ತ ಬೆಳೆಯುತ್ತ ಹಗಲಿಗೂ ಹರಡಿಕೊಳ್ಳುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಹದಿನಾರು ಹದಿನೇಳಾದರೂ ಗಂಟಲು ಒಡೆಯದ, ಮೀಸೆ ಮೂಡದ ಹುಡುಗನನ್ನು ಕರೆದುಕೊಂಡು ಬಂದರೆ ಬಲ್ಲ ವೈದ್ಯರು ಕೇಳುವ ಒಂದು ಪ್ರಶ್ನೆ: ‘ನಿನಗೆ ಒಗ್ಗರಣೆ ವಾಸನೆ ಗೊತ್ತಾಗುತ್ತಾ?’ ಹುಡುಗನ ಅಪ್ಪನಿಗೆ ಈ ಡಾಕ್ಟರಿಗೆ ತಲೆ ಕೆಟ್ಟಿದೆಯೇ ಎನಿಸುತ್ತದೆ. ಆದರೆ ನಾನು ಹೇಳಿದೆನಲ್ಲ ಆ ನರಕೋಶಗಳು, ಅವು ಹುಟ್ಟುವುದು ಮಿದುಳಿನಲ್ಲಲ್ಲ. ಭ್ರೂಣದ ಮೂಗಿನ ಜಾಗದಲ್ಲಿ ಹುಟ್ಟಿ, ವಾಸನೆಯ ನರಗಳ ಜೊತೆ ನಡೆದು ಮಿದುಳಿಗೆ ಬಂದು ಸೇರುತ್ತವೆ. ದಾರಿಯಲ್ಲಿ ನಿಂತುಬಿಟ್ಟರೆ ವಾಸನೆಯೂ ಇಲ್ಲ, ಹರೆಯವೂ ಇಲ್ಲ. ಕಾಲ್‌ಮನ್ ಸಿಂಡ್ರೋಮ್ ಎನ್ನುತ್ತಾರೆ ಇದಕ್ಕೆ. ಹಾರ್ಮೋನು ಚಿಕಿತ್ಸೆಯಿಂದ ಹರೆಯ ತರಬಹುದು, ಮುಂದೆ ಮಕ್ಕಳನ್ನೂ ಪಡೆಯಬಹುದು. ವಾಸನೆ ಮಾತ್ರ ತರಲಾಗುವುದಿಲ್ಲ.

ಆ ನರಕೋಶಗಳನ್ನು ಎಬ್ಬಿಸುವವರು ಮತ್ತಾರು ಎಂದು ಹುಡುಕಿದಾಗ ಸಿಕ್ಕಿದ ರಾಸಾಯನಿಕದ ಹೆಸರು ಕಿಸ್‌ಪೆಪ್ಟಿನ್. ಅದರ ಜೀನು 1996ರಲ್ಲಿ ಸಿಕ್ಕಿದ್ದು ಅಮೆರಿಕದ ಹರ್ಷಿ ಎಂಬ ಪಟ್ಟಣದಲ್ಲಿ, ಅದೂ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುವಾಗ. ಆ ಊರು ಹರ್ಷಿಸ್ ಕಿಸಸ್ ಎಂಬ ಚಾಕೊಲೇಟಿಗೆ ಪ್ರಸಿದ್ಧ. ಹೆಸರು ಬಂದದ್ದು ಅಲ್ಲಿಂದ. ಅದಕ್ಕೂ ಹರೆಯಕ್ಕೂ ಇರುವ ನಂಟು ಗೊತ್ತಾದದ್ದು 2003ರಲ್ಲಿ.

ಮೈಯಲ್ಲಿ ಕೊಬ್ಬು ಸಾಕಷ್ಟಿದೆಯೇ ಎಂದು ಮಿದುಳು ವಿಚಾರಿಸಿಕೊಳ್ಳುತ್ತದೆ. ಕೊಬ್ಬಿನ ಕೋಶಗಳು ಬಿಡುವ ಲೆಪ್ಟಿನ್ ಅದಕ್ಕೆ ಉತ್ತರ. ಹಸಿದ ಮಕ್ಕಳಿಗೆ ಹರೆಯ ತಡ, ಉಂಡುಟ್ಟ ಮಕ್ಕಳಿಗೆ ಬೇಗ. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಹುಡುಗಿಯರು ಹದಿನಾರು ಹದಿನೇಳಕ್ಕೆ ಮುಟ್ಟಾಗುತ್ತಿದ್ದರು. ಈಗ ಹದಿಮೂರರ ಆಸುಪಾಸು. ನಮ್ಮಲ್ಲೂ ಅಜ್ಜಿ, ಅಮ್ಮ, ಮಗಳು ಮೂವರನ್ನೂ ಕೂರಿಸಿ ಕೇಳಿ ನೋಡಿ, ವಯಸ್ಸು ಇಳಿದಿರುವುದು ಎಷ್ಟೋ ಮನೆಗಳಲ್ಲಿ ಗೊತ್ತಾಗುತ್ತದೆ. ‘ಕಾಲ ಕೆಟ್ಟಿತು, ಟೀವಿ ನೋಡಿ ಹೀಗಾಯಿತು’ ಎನ್ನುವವರಿದ್ದಾರೆ. ದೊಡ್ಡ ಕಾರಣ ಊಟ, ಮತ್ತು ಕಡಿಮೆಯಾದ ಕಾಯಿಲೆ ಕಸಾಲೆ. ಈಚೆಗೆ ಮಿತಿಮೀರಿದ ಮೈತೂಕವೂ ಅದಕ್ಕೆ ಸೇರಿಕೊಂಡಿದೆ.

ವಯಸ್ಸು ಇಳಿಯಿತು ಎಂದ ಮಾತ್ರಕ್ಕೆ ಹುಡುಗಿ ಬೇಗ ಹೆಂಗಸಾದಳು ಎಂದಲ್ಲ. ಎತ್ತರ ನಿಂತ ಮೇಲೂ ಕಿಬ್ಬೊಟ್ಟೆಯ ಎಲುಬಿನ ಗೂಡು, ಹೆರಿಗೆಯ ದಾರಿ, ಇನ್ನೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ನಮ್ಮ ಹಿಂದಿನವರು ಮೈನೆರೆಯುವುದನ್ನೇ ಸಂಸಾರಕ್ಕೆ ಅರ್ಹತಾಪತ್ರ ಮಾಡಿಕೊಂಡಿದ್ದರು. ನೆರೆಯುವ ಮೊದಲೇ ಮದುವೆ, ನೆರೆದ ಮೇಲೆ ಪ್ರಸ್ತ. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನು ತಂದಿತು; ಆ ಕಾಲಕ್ಕೆ ಅದೇ ದಿಟ್ಟ ಹೆಜ್ಜೆ. ಎಂಟು ಎಂದರೆ ಮೂರನೇ ಕ್ಲಾಸು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಬಾಲ್ಯದಲ್ಲೇ ಗಂಡ ಸತ್ತ ಹುಡುಗಿ ದೊಡ್ಡವಳಾದಾಗ ಅವಳ ಪಾಲಿಗೆ ಬರುವುದು ಆರತಿಯಲ್ಲ, ಕ್ಷೌರಿಕನ ಕತ್ತಿ. ಹುಡುಗಿಯ ಮೈಯಲ್ಲಿ ಆದದ್ದು ಒಂದೇ. ಯಾರಿಗೆ ಸೋಬಾನೆ, ಯಾರಿಗೆ ಕೇಶಮುಂಡನ ಎಂದು ತೀರ್ಮಾನಿಸಿದ್ದು ಸುತ್ತಲಿದ್ದವರು. ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯ ಹೊರಗಿಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ.

ಮೊದಲೆರಡು ವರ್ಷ ಮುಟ್ಟು ತಿಂಗಳು ತಿಂಗಳೂ ಬರಲಿಲ್ಲವೆಂದು ಮಾತ್ರೆ ಕೊಡಿಸಲು ಓಡಬೇಡಿ. ಅಂಡ ಬಿಡುಗಡೆಯಾಗುವ ಕ್ರಮ ಕುದುರಲು ಅಷ್ಟು ಕಾಲ ಬೇಕು. ಮೂರು ತಿಂಗಳು ದಾಟಿದರೂ ಬಾರದಿದ್ದರೆ, ಅಥವಾ ಒಂದು ವಾರ ಕಳೆದರೂ ನಿಲ್ಲದೆ ಸುರಿಯುತ್ತಿದ್ದರೆ ಬನ್ನಿ. ಸುರಿಯುವುದನ್ನು ‘ಕೆಟ್ಟ ರಕ್ತ ಹೋಗಲಿ’ ಎಂದು ಸುಮ್ಮನೆ ಬಿಡಬೇಡಿ; ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಕೆಲವು ಹುಡುಗಿಯರಲ್ಲಿ ಮೊದಲ ಸಲ ಗೊತ್ತಾಗುವುದೇ ಆಗ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಕಿಟಕಿಯಾಚೆ ಹೋಗದಂತೆ ನೋಡಿಕೊಳ್ಳಿ. ಅದು ಹುಡುಗರಿಗೂ ಉಂಟು.

ಹುಡುಗರು ಎಂದೆನಲ್ಲ. ಅವರಿಗೆ ಆರತಿಯೇ ಇಲ್ಲ. ಸೋದರಮಾವ ಬರುವುದಿಲ್ಲ, ಕೊಬ್ಬರಿ ಬೆಲ್ಲ ಬರುವುದಿಲ್ಲ. ತಡವಾಗಿಯಾದರೂ ಹುಡುಗಿಗೆ ಒಂದು ಮಾತು ಸಿಗುತ್ತದೆ, ಹುಡುಗನಿಗೆ ಅದೂ ಇಲ್ಲ. ಅವನ ಹರೆಯ ಶುರುವಾದದ್ದು ಮನೆಯವರಿಗಿರಲಿ, ಅವನಿಗೇ ಗೊತ್ತಾಗಿರುವುದಿಲ್ಲ. ಮೀಸೆಗಿಂತ, ಗಂಟಲಿಗಿಂತ ಬಹಳ ಮೊದಲು, ಹನ್ನೊಂದು ಹನ್ನೆರಡರ ಹೊತ್ತಿಗೆ, ವೃಷಣಗಳು ದೊಡ್ಡವಾಗುತ್ತವೆ. ಇದನ್ನು ಅಳೆಯಲು ವೈದ್ಯರ ಬಳಿ ಒಂದು ಸಾಧನವಿದೆ, ಪ್ರಾಡರ್ ಎಂಬ ಸ್ವಿಸ್ ವೈದ್ಯ ಮಾಡಿದ್ದು: ದಾರದಲ್ಲಿ ಪೋಣಿಸಿದ ಹನ್ನೆರಡು ಮಣಿಗಳು, ಒಂದು ಮಿಲಿಲೀಟರಿನಿಂದ ಇಪ್ಪತ್ತೈದರವರೆಗೆ ಕ್ರಮವಾಗಿ ದೊಡ್ಡವು. ನೋಡಲು ಥೇಟ್ ಜಪಮಾಲೆ. ನಾಲ್ಕರ ಮಣಿಗೆ ಸಮವಾದರೆ ಹರೆಯ ಶುರುವಾಯಿತೆಂದು ಲೆಕ್ಕ.

ಹುಡುಗರು ಸರ್ರನೆ ಎತ್ತರವಾಗುವುದು ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡವಾಗಿ. ಆರನೇ, ಏಳನೇ ತರಗತಿಯ ಗ್ರೂಪ್ ಫೋಟೋ ತೆಗೆದು ನೋಡಿ. ಹಿಂದಿನ ಸಾಲಿನಲ್ಲಿ ನಿಂತ ಎತ್ತರದವರು ಬಹುತೇಕ ಹುಡುಗಿಯರು. ಆ ಸಾಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಪುಟ್ಟ ಹುಡುಗ, ‘ನಾನು ಹೀಗೇ ಉಳಿದುಬಿಡುತ್ತೇನಾ’ ಎಂದು ಒಳಗೊಳಗೇ ಕೊರಗುತ್ತಿರುತ್ತಾನೆ. ಹದಿನಾಲ್ಕು ತುಂಬುವವರೆಗೆ ಕಾಯಬಹುದು, ಅಪ್ಪನಿಗೂ ತಡವಾಗಿಯೇ ಆಗಿತ್ತೇ ಎಂದು ಕೇಳಬಹುದು. ಬಹಳ ಮನೆಗಳಲ್ಲಿ ಉತ್ತರ ಅಲ್ಲೇ ಇರುತ್ತದೆ.

ಅರ್ಧದಷ್ಟು ಹುಡುಗರಿಗಾದರೂ ಹರೆಯದ ನಡುವಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ. ಅಂಥ ಹುಡುಗ ಅಂಗಿ ತೆಗೆದು ಈಜಲು ಹೋಗುವುದಿಲ್ಲ, ಕಬಡ್ಡಿ ಬಿಡುತ್ತಾನೆ, ಬಿಸಿಲಲ್ಲೂ ದಪ್ಪ ಬನಿಯನ್ ಹಾಕುತ್ತಾನೆ. ಗೆಳೆಯರ ಗೇಲಿಗೆ ಹೆದರಿ ಶಾಲೆ ಬಿಟ್ಟವರೂ ಇದ್ದಾರೆ. ಒಂದೆರಡು ವರ್ಷದಲ್ಲಿ ಅದು ತಾನೇ ಇಳಿಯುತ್ತದೆ ಎಂಬ ಒಂದು ಸಾಲು ಅವನಿಗೆ ಯಾರೂ ಹೇಳಿರುವುದಿಲ್ಲ. ಗಂಡುಹುಡುಗನಿಗೆ ಹೀಗೇಕೆ ಎಂದರೆ, ಗಂಡಿನ ಹಾರ್ಮೋನು, ಹೆಣ್ಣಿನ ಹಾರ್ಮೋನು ಎಂದು ನಾವು ಹಾಕಿಕೊಂಡ ಬೇಲಿಯನ್ನು ಮೈ ಒಪ್ಪುವುದಿಲ್ಲ. ಎರಡೂ ಇಬ್ಬರಲ್ಲೂ ಇವೆ, ಪ್ರಮಾಣ ಬೇರೆ. ಹುಡುಗನ ಟೆಸ್ಟೊಸ್ಟೆರಾನಿನಲ್ಲಿ ಒಂದು ಪಾಲು ಅವನ ಮೈಯಲ್ಲೇ ಈಸ್ಟ್ರೊಜೆನ್ ಆಗಿ ಮಾರ್ಪಡುತ್ತದೆ. ಅವನ ಎಲುಬುಗಳ ಬೆಳವಣಿಗೆ ನಿಲ್ಲಬೇಕಾದರೂ ಈಸ್ಟ್ರೊಜೆನ್ನೇ ಬೇಕು. 1994ರಲ್ಲಿ ಅಮೆರಿಕದಿಂದ ವರದಿಯಾದ ಒಬ್ಬ ಗಂಡಸಿನ ಮೈಗೆ ಈಸ್ಟ್ರೊಜೆನ್ ನಾಟುತ್ತಲೇ ಇರಲಿಲ್ಲ. ಇಪ್ಪತ್ತೆಂಟನೇ ವಯಸ್ಸಿನಲ್ಲಿ 204 ಸೆಂಟಿಮೀಟರ್ ಎತ್ತರವಿದ್ದ, ಇನ್ನೂ ಬೆಳೆಯುತ್ತಿದ್ದ.

ಹುಡುಗನ ಹರೆಯದಲ್ಲಿ ಒಂದು ರಾತ್ರಿ ನಿದ್ದೆಯಲ್ಲಿ ವೀರ್ಯ ಸ್ಖಲನವಾಗುತ್ತದೆ. ಬೆಳಿಗ್ಗೆ ಎದ್ದು ಚಡ್ಡಿ ಬಚ್ಚಿಡುತ್ತಾನೆ. ಕಾಯಿಲೆಯೋ ಪಾಪವೋ ತಿಳಿಯದು. ಮನೆಯಲ್ಲಿ ಕೇಳುವವರಿಲ್ಲ. ಆದರೆ ಊರ ಗೋಡೆಗೆ ಎಲ್ಲ ಗೊತ್ತು. ಬಸ್‌ಸ್ಟ್ಯಾಂಡಿನ ಶೌಚಾಲಯದ ಹಿಂದೆ, ರೈಲ್ವೆ ಗೇಟಿನ ಪಕ್ಕ ಬರೆದಿರುತ್ತದೆ, ಗುಪ್ತರೋಗ, ಧಾತು ದೌರ್ಬಲ್ಯ, ಇಂಥ ವಾರ ಇಂಥ ಲಾಡ್ಜಿನಲ್ಲಿ ವೈದ್ಯರು ಸಿಗುತ್ತಾರೆ ಎಂದು. ಒಂದು ತೊಟ್ಟು ವೀರ್ಯಕ್ಕೆ ಇಷ್ಟು ತೊಟ್ಟು ರಕ್ತ ಎಂಬ ಲೆಕ್ಕವನ್ನೂ ಅವರೇ ಕೊಡುತ್ತಾರೆ. ಆ ಲೆಕ್ಕಕ್ಕೆ ಬುಡವಿಲ್ಲ. ವೀರ್ಯ ತಯಾರಾಗುವುದು ರಕ್ತ ಸುಟ್ಟು ಅಲ್ಲ. ಹೊರಹೋಗುವುದರಿಂದ ಸುಸ್ತಿಲ್ಲ, ತಾನಾಗಿ ಹೋದರೂ ಅಷ್ಟೆ, ಕೈಯಿಂದ ಹೋದರೂ ಅಷ್ಟೆ. ಮುಖ ಬತ್ತುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಮುಂದೆ ಮಕ್ಕಳಾಗದೆ ಇರುವುದಿಲ್ಲ. ಆ ಭಯದಿಂದ ಮಾತ್ರ ನಿಜಕ್ಕೂ ಕಾಯಿಲೆಯಾಗುತ್ತದೆ: ನಿದ್ದೆ ಬಾರದು, ಓದು ಹತ್ತದು, ಮೈಯೆಲ್ಲ ಸೋತಂತೆ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅಪ್ಪನಾದವನು ಎರಡು ನಿಮಿಷ ಮಾತಾಡಿದ್ದರೆ ಹುಡುಗ ಲಾಡ್ಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಸಿಟ್ಟು ಬಂದದ್ದಿದೆ.

ಇನ್ನು ಕೆಲವು ಮಕ್ಕಳಿಗೆ ಹರೆಯ ನಾವು ಕಾಯುತ್ತಿದ್ದ ಹಾಗೆ ಬರುವುದಿಲ್ಲ. ಓರಗೆಯವರಿಗೆಲ್ಲ ಆರತಿಯಾಯಿತು, ನಮ್ಮ ಹುಡುಗಿಗೆ ಹದಿನೈದಾದರೂ ಇಲ್ಲ. ಇಂಥಲ್ಲಿ ಮನೆಯವರು ಹರಕೆ ಹೊತ್ತು ಕಾಯುತ್ತಾರೆ. ಹದಿನೈದು ತುಂಬಿದ ಮೇಲೆ, ಅಥವಾ ಹದಿಮೂರಾದರೂ ಎದೆಯ ಮೊಗ್ಗೇ ಇಲ್ಲವೆಂದರೆ, ಕಾಯಬಾರದು. ಕೆಲವೊಮ್ಮೆ ಕಾರಣ ತೀರ ಸಣ್ಣದು: ಯೋನಿಯ ಬಾಯಿಯ ಪೊರೆಯಲ್ಲಿ ರಂಧ್ರವೇ ಇರುವುದಿಲ್ಲ. ರಕ್ತ ಒಳಗೇ ಕೂಡುತ್ತದೆ, ತಿಂಗಳಿಗೊಮ್ಮೆ ಹೊಟ್ಟೆ ಹಿಡಿದು ಒದ್ದಾಡುತ್ತಾಳೆ, ಮುಟ್ಟು ಮಾತ್ರ ಕಾಣುವುದಿಲ್ಲ. ಒಂದು ಸಣ್ಣ ಶಸ್ತ್ರಚಿಕಿತ್ಸೆಗೆ ಮುಗಿಯುವ ಕೆಲಸ. ಸುಮಾರು ಐದು ಸಾವಿರ ಹುಡುಗಿಯರಲ್ಲಿ ಒಬ್ಬಳಿಗೆ ಅಂಡಾಶಯವಿದ್ದು ಗರ್ಭಕೋಶ ಬೆಳೆದಿರುವುದಿಲ್ಲ. ಎರಡು, ಎರಡೂವರೆ ಸಾವಿರಕ್ಕೆ ಒಬ್ಬಳಲ್ಲಿ ಎರಡು ಎಕ್ಸ್ ಕ್ರೋಮೋಸೋಮುಗಳ ಬದಲು ಒಂದೇ ಇರುತ್ತದೆ. ಗಿಡ್ಡ ಮೈ, ಬಾರದ ಹರೆಯ. ಗಂಡಸರಲ್ಲಿ ಆರುನೂರಕ್ಕೆ ಒಬ್ಬರಂತೆ ಎರಡು ಎಕ್ಸ್, ಒಂದು ವೈ ಇರುವವರಿದ್ದಾರೆ; ಬಹಳ ಮಂದಿಗೆ ಅದು ಗೊತ್ತಾಗುವುದು ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗ.

ಗರ್ಭದಲ್ಲಿ ಆರು ವಾರದ ತನಕ ಗಂಡು ಭ್ರೂಣ, ಹೆಣ್ಣು ಭ್ರೂಣ ನೋಡಲು ಒಂದೇ. ವೃಷಣವೂ ಆಗಬಲ್ಲ ಅಂಡಾಶಯವೂ ಆಗಬಲ್ಲ ಅದೇ ಗ್ರಂಥಿ. ಗಂಡಿನ ನಾಳ, ಹೆಣ್ಣಿನ ನಾಳ ಎರಡೂ ಜೊತೆಗಿರುತ್ತವೆ. ಗಂಡು ಹೆಣ್ಣನ್ನು ಕ್ರೋಮೋಸೋಮು ನಿರ್ಧರಿಸುತ್ತದೆ ಎಂದು 1905ರಲ್ಲಿ ಕಂಡುಕೊಂಡವರು ನೆಟ್ಟಿ ಸ್ಟೀವನ್ಸ್, ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಅಮೆರಿಕದ ಮಹಿಳೆ. ವೈ ಕ್ರೋಮೋಸೋಮಿನಲ್ಲಿ ವೃಷಣ ಮಾಡು ಎನ್ನುವ ಜೀನು ಯಾವುದೆಂದು ತಿಳಿದದ್ದು 1990ರಲ್ಲಿ, ಲಂಡನ್ನಿನಲ್ಲಿ. ಆ ಜೀನು ಕೆಲಸ ಮಾಡಿ, ವೃಷಣ ಹಾರ್ಮೋನು ಸುರಿಸಿ, ಆ ಹಾರ್ಮೋನು ಮೈಗೆ ನಾಟಿ, ಹೀಗೆ ಒಂದರ ಮೇಲೊಂದು ಹೆಜ್ಜೆ. ಬಹುಪಾಲು ಎಲ್ಲ ಹೆಜ್ಜೆಗಳೂ ಒಂದೇ ಕಡೆಗೆ ಹೋಗುತ್ತವೆ. ಕೆಲವರಲ್ಲಿ ಯಾವುದೋ ಒಂದು ಹೆಜ್ಜೆ ಬೇರೆಯಾಗುತ್ತದೆ. ವೈ ಇದ್ದರೂ ಟೆಸ್ಟೊಸ್ಟೆರಾನ್ ಮೈಗೆ ನಾಟದ ಹುಡುಗಿಯರಿದ್ದಾರೆ. ಅವರಿಗೆ ಎದೆ ಬರುತ್ತದೆ, ಮುಟ್ಟು ಬರುವುದಿಲ್ಲ. ಡೊಮಿನಿಕನ್ ರಿಪಬ್ಲಿಕ್ ದೇಶದ ಸಲಿನಾಸ್ ಎಂಬ ಹಳ್ಳಿಯಲ್ಲಿ ಹುಡುಗಿಯರೆಂದು ಬೆಳೆದ ಕೆಲವು ಮಕ್ಕಳಿಗೆ ಹನ್ನೆರಡರ ಆಸುಪಾಸಿನಲ್ಲಿ ಗಂಟಲು ಒಡೆದು, ಶಿಶ್ನ ಬೆಳೆದು, ಅವರು ಗಂಡಸರಾಗಿ ಬಾಳಿದರು. 1974ರಲ್ಲಿ ವಿಜ್ಞಾನಿಗಳು ಹೋಗಿ ಒಂದೇ ಒಂದು ಕಿಣ್ವದ ಕೊರತೆ ಎಂದು ಕಾರಣ ಹೇಳಿದರು. ಹಳ್ಳಿಯವರು ಅಷ್ಟರಲ್ಲಾಗಲೇ ಅಂಥ ಮಕ್ಕಳಿಗೆ ಹೆಸರಿಟ್ಟು ಒಗ್ಗಿಕೊಂಡಿದ್ದರು.

ತಂದೆತಾಯಂದಿರು ನಮ್ಮನ್ನು ಕೇಳುವುದು, ‘ಡಾಕ್ಟ್ರೇ, ಹಾಗಾದರೆ ಇವಳು ಹೆಣ್ಣೋ ಗಂಡೋ?’ ಹದಿನಾರು ವರ್ಷ ಹುಡುಗಿಯಾಗಿ ಬಾಳಿ, ತಾನು ಹುಡುಗಿ ಎಂದುಕೊಂಡಿರುವವಳು ರಕ್ತಪರೀಕ್ಷೆಯ ಒಂದು ಕಾಗದದಿಂದ ಹುಡುಗನಾಗುವುದಿಲ್ಲ ಎಂಬುದು ನನ್ನ ಉತ್ತರ. ಹಸುಗೂಸಿನಲ್ಲೇ ವ್ಯತ್ಯಾಸ ಕಂಡರೆ ‘ಸರಿ’ ಮಾಡಿಬಿಡಿ ಎಂದು ಒತ್ತಾಯಿಸುವವರೂ ಇದ್ದಾರೆ. ಹುಟ್ಟಿದಾಗ ಜನನಾಂಗ ಸ್ಪಷ್ಟವಿಲ್ಲದಿದ್ದರೆ ತುರ್ತಾಗಿ ಬೇಕಾದದ್ದು ಪರೀಕ್ಷೆ. ಅಡ್ರಿನಲ್ ಗ್ರಂಥಿಯ ಒಂದು ತೊಂದರೆಯಲ್ಲಿ ಮಗು ಉಪ್ಪಿನಂಶ ಕಳೆದುಕೊಂಡು ಕೆಲವೇ ವಾರಗಳಲ್ಲಿ ಸಾಯಬಹುದು. ಕತ್ತರಿಗೆ ಆ ಆತುರವಿಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪಿನ ಬಳಿಕ ತಮಿಳುನಾಡು ಸರ್ಕಾರ, ಪ್ರಾಣಾಪಾಯದ ಹೊರತು ಹಸುಗೂಸುಗಳಿಗೆ ಇಂಥ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಆದೇಶಿಸಿತು. ನಮ್ಮ ರಾಜ್ಯವೂ ಅದನ್ನು ನೋಡಬಹುದು.

ಹರೆಯದ ಜೊತೆಗೆ ಆಸೆಯೂ ಬರುತ್ತದೆ. ಅದು ಸಿನಿಮಾದಿಂದಲೂ ಮೊಬೈಲಿನಿಂದಲೂ ಬಂದದ್ದಲ್ಲ. ಅವೆರಡೂ ಇಲ್ಲದ ಕಾಲದಲ್ಲೂ ಮನುಷ್ಯರಿಗೆ ಮಕ್ಕಳಾಗಿವೆ. ಹೆಚ್ಚಿನ ಹುಡುಗರ ಮನಸ್ಸು ಹುಡುಗಿಯರ ಕಡೆ, ಹುಡುಗಿಯರದು ಹುಡುಗರ ಕಡೆ ಹೋಗುತ್ತದೆ. ಕೆಲವರದು ತಮ್ಮಂಥವರ ಕಡೆಗೇ ಹೋಗುತ್ತದೆ. ಅದನ್ನು ಅವರು ಆರಿಸಿಕೊಂಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು, ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆಯಿತು. ‘ಬದಲಾಯಿಸಿ ಕೊಡುತ್ತೇನೆ’ ಎನ್ನುವ ವೈದ್ಯ ವೃತ್ತಿಧರ್ಮ ಮುರಿದಂತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಹುಟ್ಟಿನ ಗುರುತಿಗೂ ಒಳಗಿನ ಅರಿವಿಗೂ ಹೊಂದದವರಿಗೆ ಹರೆಯ ಇನ್ನೂ ಕಷ್ಟ. ಮೈ ದಿನದಿನಕ್ಕೂ ತನ್ನದಲ್ಲದ ಕಡೆಗೆ ಬೆಳೆಯುತ್ತಿರುತ್ತದೆ. ಮಂಜಮ್ಮ ಜೋಗತಿಯವರು ಮನೆಯ ಆಸರೆ ಕಳೆದುಕೊಂಡದ್ದು ಹದಿಹರೆಯದಲ್ಲೇ. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲ ಮಕ್ಕಳೂ ಅಷ್ಟು ಗಟ್ಟಿಗರಾಗಿರುವುದಿಲ್ಲ.

ಶಾಲೆ ಏನು ಮಾಡುತ್ತದೆ? ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠ, ಹತ್ತನೆಯದರಲ್ಲಿ ಸಂತಾನೋತ್ಪತ್ತಿಯ ಪಾಠ ಓದಿಕೊಂಡು ಬಂದವರು ನಾವು. ಮೊಗ್ಗು ಕಾಣಿಸಿದ್ದು ನಾಲ್ಕು ಐದನೇ ತರಗತಿಯಲ್ಲಿ! ಆ ಪಾಠವನ್ನೂ ‘ಮನೇಲಿ ಓದ್ಕೊಳ್ಳಿ’ ಎಂದು ದಾಟಿಸುವ ಮೇಷ್ಟರುಗಳಿಗೆ ಕೊರತೆಯಿಲ್ಲ. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮ ಬಂದಾಗ ಚಿತ್ರಗಳು ಅಸಭ್ಯ ಎಂಬ ಗಲಾಟೆ ಎದ್ದು, ಅದನ್ನು ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ಡಾ. ಅನುಪಮಾ ನಿರಂಜನ ಅವರು ತೀರಿಕೊಂಡದ್ದು 1991ರಲ್ಲಿ. ಅದಕ್ಕೂ ಮೊದಲೇ ‘ಕೇಳು ಕಿಶೋರಿ’ ಎಂಬ ಪುಸ್ತಕ ಬರೆದು ಹುಡುಗಿಯರ ಕೈಗೆ ಕೊಟ್ಟಿದ್ದರು. ಯಾವ ಮನೆಯೂ ಅದರಿಂದ ಕೆಡಲಿಲ್ಲ. ‘ಕೇಳು ಕಿಶೋರ’ ಎಂಬ ಪುಸ್ತಕವೂ ಅದರ ಪಕ್ಕದಲ್ಲಿ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಯಾವಾಗ, ಏನು ಹೇಳಬೇಕು? ಎಂಟೊಂಬತ್ತರ ಹೊತ್ತಿಗೆ, ಒಂದೇ ಸಲ ಕೂರಿಸಿ ಉಪನ್ಯಾಸವಲ್ಲ, ಅವರೆಕಾಯಿ ಬಿಡಿಸುವಾಗ, ಸ್ಕೂಟರಿನಲ್ಲಿ ಹೋಗುವಾಗ, ತುಂಡು ತುಂಡಾಗಿ. ಮಗಳಿಗೆ: ಎದೆಯಲ್ಲಿ ನೋವಿನ ಗಟ್ಟಿ ಬಂದರೆ ಹೆದರಬೇಡ, ಮುಂದೆ ಒಂದು ದಿನ ರಕ್ತ ಕಾಣಿಸುತ್ತದೆ, ಪ್ಯಾಡ್ ಇಲ್ಲಿಟ್ಟಿದ್ದೇನೆ, ಶಾಲೆಯ ಚೀಲದಲ್ಲೂ ಒಂದಿರಲಿ. ಮಗನಿಗೆ: ಗಂಟಲು ಒಡೆಯುತ್ತದೆ, ಎದೆ ಉಬ್ಬಿದರೂ ಇಳಿಯುತ್ತದೆ, ರಾತ್ರಿ ಬಟ್ಟೆ ಒದ್ದೆಯಾದರೆ ಅದು ಕಾಯಿಲೆಯಲ್ಲ, ನಿನ್ನ ಚಡ್ಡಿ ನೀನೇ ಒಗೆದುಕೊ. ಅಕ್ಕನಿಗೆ ಮುಟ್ಟು ಬರುತ್ತದೆ ಎಂಬುದನ್ನೂ ಅವನಿಗೆ ಹೇಳಿ. ಕಾಗೆ ಮುಟ್ಟಿತು ಎಂಬ ಕಥೆ ಬೇಡ. ಇಬ್ಬರಿಗೂ: ನಿನ್ನ ಗುಪ್ತಾಂಗ ಮುಟ್ಟುವ ಹಕ್ಕು ಮಾವನಿಗೂ ಇಲ್ಲ, ಮೇಷ್ಟರಿಗೂ ಇಲ್ಲ, ಯಾರಾದರೂ ಹಾಗೆ ಮಾಡಿದರೆ ನನಗೆ ಹೇಳು, ನಾನು ನಿನ್ನನ್ನು ಬೈಯುವುದಿಲ್ಲ. ನನಗೆ ಹೇಳಲಾಗದಿದ್ದರೆ 1098ಕ್ಕೆ ಫೋನ್ ಮಾಡು, ದುಡ್ಡು ಬೀಳುವುದಿಲ್ಲ.

‘ಮಗನಿಗೆ ಇದನ್ನೆಲ್ಲ ನಾನು ಹೇಗೆ ಹೇಳಲಿ, ನೀವೇ ಹೇಳಿಬಿಡಿ’ ಎಂದು ಅಪ್ಪಂದಿರು ನನ್ನ ಮುಂದೆ ಕೈಮುಗಿಯುತ್ತಾರೆ. ಹೇಳುತ್ತೇನೆ. ಆದರೆ ಹುಡುಗನನ್ನು ಒಳಗೆ ಬಿಟ್ಟು ನೀವು ಹೊರಗೆ ಬೆಂಚಿನ ಮೇಲೆ ಕೂರುವಂತಿಲ್ಲ. ನೀವೂ ಒಳಗೆ ಬನ್ನಿ, ಕುರ್ಚಿ ಎರಡಿವೆ.